ಸಲಾಡ್‌ಗೆ ಹಾಕುವ ಪುಡಿ ಮನೆಯಲ್ಲೇ: ನೀವು ಹೇಗೆ ಮಾಡ್ತೀರಿ?

ಪ್ರಶ್ನೆ, ಬೆಳಗಾವಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಊರು ಬಾಗಲಕೋಟೆ. ಕೆಲಸಕ್ಕೆಂದು ಬೆಳಗಾವಿಗೆ ಬಂದು ಎಂಟು ತಿಂಗಳಾಯಿತು. ಟಿಳಕವಾಡಿಯಲ್ಲಿ ಗೆಳತಿಯ ಜೊತೆ ರೂಮು ಮಾಡಿದ್ದೇನೆ. ಗ್ಯಾಸ್ ಇಲ್ಲ, ಸಣ್ಣ ಫ್ರಿಜ್ ಇದೆ. ಮಧ್ಯಾಹ್ನ ಮೆಸ್ಸಿನಲ್ಲಿ ಊಟ. ರಾತ್ರಿ ಸೌತಿಕಾಯಿ, ಗಜ್ಜರಿ, ಟೊಮೆಟೊ, ಎಲೆಕೋಸು ಹೆಚ್ಚಿಕೊಂಡು ತಿನ್ನುತ್ತೇವೆ. ಬರೀ ಉಪ್ಪು ಹಾಕಿ ತಿಂದು ಬೇಸರ ಬಂದಿದೆ. ಅಂಗಡಿಯಿಂದ ರ‍್ಯಾಂಚ್ ಎನ್ನುವ ಪುಡಿಯ ಪಾಕೀಟು ತಂದೆವು. ಸಿಹಿ ಮತ್ತು ಉಪ್ಪು ಬಿಟ್ಟರೆ ಬೇರೆ ರುಚಿಯೇ ಸಿಗಲಿಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಆಗ ಅವ್ವನ ಅಡುಗೆಮನೆಯಲ್ಲಿ ಇರುವ ಸಾಮಾನಿನಲ್ಲೇ ಇಂಥದ್ದೊಂದು ಪುಡಿ ಮಾಡಿಕೊಂಡು ಬರಬೇಕು. ತಿಂಗಳವರೆಗೆ ಕೆಡಬಾರದು. ಮಾಡಿ ನೋಡಿದವರು ಅಳತೆ ಸಮೇತ ಹೇಳ್ತೀರಾ?

ವಿಜಯಪುರದಿಂದ

ತಂಗಿ, ನನ್ನ ಮಗ ಬೆಳಗಾವಿಯಲ್ಲೇ ಓದುತ್ತಿದ್ದಾಗ ಮೂರು ವರ್ಷ ಇದನ್ನು ಮಾಡಿ ಕಳಿಸಿದ್ದೇನೆ. ಎರಡು ಸಲ ಕೆಡಿಸಿಕೊಂಡೇ ಕಲಿತದ್ದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಆ ಪಾಕೀಟಿನ ವಿಷಯ. ಪಾಕೀಟಿನ ಹಿಂದೆ ಸಾಮಾನುಗಳ ಪಟ್ಟಿ ಇರುತ್ತದಲ್ಲ, ಯಾವುದು ಜಾಸ್ತಿ ತೂಕವೋ ಅದನ್ನೇ ಮೊದಲು ಬರೆಯಬೇಕು ಎಂಬುದು ನಿಯಮ. ಮೊದಲ ಮೂರು ಹೆಸರಿನಲ್ಲೇ ಸಕ್ಕರೆ, ಉಪ್ಪು, ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಇದ್ದರೆ ನೀನು ದುಡ್ಡು ಕೊಟ್ಟದ್ದು ಅವಕ್ಕೇ. ಈ ರ‍್ಯಾಂಚ್ ಅನ್ನುವುದು ಮೂಲದಲ್ಲಿ ಬಹಳ ಸರಳವಾದ ಪದಾರ್ಥ. 1950ರ ದಶಕದಲ್ಲಿ ಅಮೆರಿಕದ ಸ್ಟೀವ್ ಹೆನ್ಸನ್ ಎನ್ನುವವರು ಕ್ಯಾಲಿಫೋರ್ನಿಯಾದ ಹಿಡನ್ ವ್ಯಾಲಿ ಎಂಬ ತಮ್ಮ ದೊಡ್ಡ ತೋಟದ ಮನೆಗೆ, ಅಂದರೆ ರ‍್ಯಾಂಚಿಗೆ ಬಂದವರಿಗೆ ಇದನ್ನು ಬಡಿಸುತ್ತಿದ್ದರು. ತಿಂದವರು ಬೇಕು ಬೇಕು ಎಂದು ಕೇಳಿದ್ದಕ್ಕೆ ಒಣ ಪುಡಿಯನ್ನು ಪಾಕೀಟು ಮಾಡಿ ಅಂಚೆಯಲ್ಲಿ ಕಳಿಸತೊಡಗಿದರು. ಮನೆಯಲ್ಲಿ ಮಜ್ಜಿಗೆ ಮತ್ತು ಮೇಯನೇಸ್ ಸೇರಿಸಿ ಕಲಸಿಕೊಳ್ಳುವುದು. ಪುಡಿಯಲ್ಲಿ ಮುಖ್ಯವಾಗಿ ಒಣಗಿಸಿದ ಬಳ್ಳೊಳ್ಳಿ, ಒಣಗಿಸಿದ ಉಳ್ಳಾಗಡ್ಡಿ, ಒಣ ಸೊಪ್ಪು, ಮೆಣಸು, ಉಪ್ಪು. ಬಳ್ಳೊಳ್ಳಿ ಜಜ್ಜಿ ಹಾಕಿದ ಮಜ್ಜಿಗೆ ನಮಗೆ ಹೊಸದಲ್ಲ, ಅಲ್ವಾ? ಹಾಗಾಗಿ ಇದು ನಮ್ಮ ಕೈಗೆ ಎಟುಕದ ಕೆಲಸವೇನಲ್ಲ.

ನಾನು ಕೆಡಿಸಿಕೊಂಡದ್ದು ಹೇಗೆ ಅಂದರೆ, ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದೆ. ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಬೆಲ್ಲ, ಉಪ್ಪು, ಬಳ್ಳೊಳ್ಳಿ ಎಲ್ಲಾ ಕೂಡಿಸಿ ಮಿಕ್ಸಿಗೆ ಹಾಕಿ ಕಳಿಸಿದೆ. ನಮ್ಮ ಮನೆಯಲ್ಲಿ ಅದೇ ಪುಡಿ ಉದುರುದುರಾಗಿಯೇ ಇತ್ತು. ಬೆಳಗಾವಿಯಲ್ಲಿ ಜುಲೈ ತಿಂಗಳ ಮಳೆಗೆ ಹತ್ತೇ ದಿನದಲ್ಲಿ ಮುದ್ದೆಯಾಗಿ ಮೇಲೆ ಬೂಸಲು ಬಂತು. ವಿಜಯಪುರದ ಗಾಳಿ ಒಣ, ಬೆಳಗಾವಿ ಘಟ್ಟದ ಅಂಚಿನ ಊರು. ಬೆಲ್ಲ, ಉಪ್ಪು, ಒಣ ಉಳ್ಳಾಗಡ್ಡಿ ಮೂರೂ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತವೆ. ಶೇಂಗಾ ಅರೆದಾಗ ಎಣ್ಣೆ ಬಿಡುತ್ತದೆ. ಎರಡೂ ಸೇರಿದರೆ ಮುದ್ದೆಯಾಗದೆ ಇನ್ನೇನು?

ಅಂದಿನಿಂದ ಎರಡು ಡಬ್ಬಿ ಮಾಡುತ್ತೇನೆ. ಒಂದರಲ್ಲಿ ಎಣ್ಣೆ ಬಿಡದ ಮಸಾಲೆ. ಇನ್ನೊಂದರಲ್ಲಿ ಎಣ್ಣೆ ಕಾಳಿನ ಪುಡಿ. ಲಿಂಬೆಯ ಹುಳಿ ಮತ್ತು ಎಣ್ಣೆ ತಿನ್ನುವ ಹೊತ್ತಿಗೇ ಬೀಳಬೇಕು. ನೀನು ಬೇರೆ ಏನು ಬದಲಿಸಿದರೂ ಇದನ್ನು ಮಾತ್ರ ಬದಲಿಸಬೇಡ.

ಮೊದಲ ಡಬ್ಬಿಗೆ: ಒಣ ಉಳ್ಳಾಗಡ್ಡಿ ಪುಡಿ 4 ಚಮಚ, ಒಣ ಬಳ್ಳೊಳ್ಳಿ ಪುಡಿ 2 ಚಮಚ, ನೆರಳಲ್ಲಿ ಒಣಗಿಸಿದ ಪುದೀನ 3 ಚಮಚ, ಹುರಿದ ಜೀರಿಗೆ ಪುಡಿ 2 ಚಮಚ, ಹಸಿ ಸಾಸಿವೆ ಪುಡಿ 1 ಚಮಚ, ಕರಿಮೆಣಸು 1 ಚಮಚ, ಒಣ ಮಾವಿನಕಾಯಿ ಪುಡಿ ಅಂದರೆ ಆಮ್‌ಚೂರ್ 2 ಚಮಚ, ಉಪ್ಪು 2 ಚಮಚ. ಎಲ್ಲಾ ಚಹಾ ಚಮಚದ ಅಳತೆ. ಒಟ್ಟು 17 ಚಮಚ ಆಗುತ್ತದೆ, ದಿನಕ್ಕೆ ಅರ್ಧ ಚಮಚದ ಲೆಕ್ಕದಲ್ಲಿ ತಿಂಗಳು ದಾಟುತ್ತದೆ, ದಿನಾ ಒಂದು ಚಮಚವಾದರೆ ಹದಿನೇಳು ದಿನ.

ಬಳ್ಳೊಳ್ಳಿಯ ಕೆಲಸ ಬೇಸಿಗೆಯಲ್ಲಿ ಸುಲಭ. ಎಸಳನ್ನು ತೆಳ್ಳಗೆ ಸೀಳಿ ಬಿಳಿ ಬಟ್ಟೆಯ ಮೇಲೆ ಹರವಿ ಮಾಳಿಗೆಯ ಮೇಲೆ ಇಡುತ್ತೇನೆ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮೂರು ದಿನಕ್ಕೆ ಮುರಿದರೆ ಟಕ್ ಎಂದು ಸದ್ದು ಬರಬೇಕು. ಬಾಗಿದರೆ ಇನ್ನೂ ತೇವ ಇದೆ ಅಂತ ಅರ್ಥ, ಮತ್ತೊಂದು ದಿನ ಬಿಸಿಲು ಬೇಕು. ಉಳ್ಳಾಗಡ್ಡಿಗೆ ಇನ್ನೂ ಎರಡು ದಿನ ಜಾಸ್ತಿ ಹಿಡಿಯುತ್ತದೆ. ಮಳೆಗಾಲವಾದರೆ ದಪ್ಪ ತಳದ ಕಡಾಯಿಯಲ್ಲಿ ಸಣ್ಣ ಉರಿಗೆ ಇಟ್ಟು ಒಣಗಿಸು, ಆದರೆ ಕೆಂಪಾಗಲು ಬಿಡಬೇಡ. ಕೊತ್ತಂಬರಿ ಒಣಗಿಸಲು ಹೋಗಬೇಡ, ಸುಮ್ನೆ ಹುಲ್ಲಿನ ಹಾಗೆ ಆಗುತ್ತದೆ. ಪುದೀನ ಒಣಗಿದರೂ ಘಮ ಉಳಿಸಿಕೊಳ್ಳುತ್ತದೆ.

ಸಾಸಿವೆಯನ್ನು ಹುರಿಯಬಾರದು. ಅದರ ಖಾರ ಇರುವುದು ಕಾಳಿನಲ್ಲಿ ಅಲ್ಲ, ಅರೆದು ನೀರು ತಾಗಿದ ಮೇಲೆ ಹುಟ್ಟುವುದು. ಹುರಿದರೆ ಆ ಗುಣ ಸಾಯುತ್ತದೆ. ಇನ್ನೊಂದು ಲಾಭ ಅಂದರೆ ಸಾಸಿವೆ ಪುಡಿ ಎಣ್ಣೆ ಮತ್ತು ಲಿಂಬೆರಸವನ್ನು ಹಿಡಿದು ನಿಲ್ಲಿಸುತ್ತದೆ. ಅದಿಲ್ಲದಿದ್ದರೆ ಎಣ್ಣೆ ಮೇಲೆ, ರಸ ತಳಕ್ಕೆ.

ಎರಡನೆಯ ಡಬ್ಬಿಗೆ ಹುರಿದು ಸಿಪ್ಪೆ ತೆಗೆದ ಶೇಂಗಾ 1 ಬಟ್ಟಲು, ಹುರಿದ ಗುರೆಳ್ಳು ಕಾಲು ಬಟ್ಟಲು. ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸು. ತರಿತರಿ ಇರಲಿ. ಇದಕ್ಕೆ ಉಪ್ಪು ಬೇಡ. ಫ್ರಿಜ್‌ನಲ್ಲಿಟ್ಟರೆ ತಿಂಗಳು ಬರುತ್ತದೆ, ಹೊರಗಿಟ್ಟರೆ ಹದಿನೈದು ದಿನದಲ್ಲಿ ಮುಗಿಸು. ಮೂಸಿದಾಗ ಕಮಟು ವಾಸನೆ ಬಂದರೆ ಎಸೆದುಬಿಡು.

ಕಲಸುವುದು ಎರಡು ಬಗೆ. ಮೊಸರಿನದಾದರೆ 4 ದೊಡ್ಡ ಚಮಚ ಮೊಸರಿಗೆ ಮೊದಲ ಡಬ್ಬಿಯ ಪುಡಿ 1 ಚಹಾ ಚಮಚ ಹಾಕಿ ಕಾಲು ತಾಸು ಬಿಡು. ಒಣ ಉಳ್ಳಾಗಡ್ಡಿ ನೆನೆಯಬೇಕು, ಆಗಲೇ ರುಚಿ ಬಿಡುವುದು. ಕೂಡಲೇ ತಿಂದರೆ ಪುಡಿ ಹಲ್ಲಿಗೆ ಸಿಗುತ್ತದೆ. ಎಣ್ಣೆಯದಾದರೆ ಅರ್ಧ ಲಿಂಬೆಹಣ್ಣಿನ ರಸಕ್ಕೆ ಅದೇ ಪುಡಿ ಅರ್ಧ ಚಮಚ ಹಾಕಿ ನೆನೆಸಿ, 1 ದೊಡ್ಡ ಚಮಚ ಎಣ್ಣೆ ಸೇರಿಸಿ ಸಣ್ಣ ಬಾಟಲಿಯಲ್ಲಿ ಚೆನ್ನಾಗಿ ಕುಲುಕು. ಹೊರದೇಶದವರು ವಿನೆಗರ್ 1 ಪಾಲಿಗೆ ಎಣ್ಣೆ 3 ಪಾಲು ಹಾಕುತ್ತಾರೆ. ನಮ್ಮ ನಾಲಿಗೆಗೆ ಅಷ್ಟು ಎಣ್ಣೆ ಬೇಡ. ನಾನು ಹಾಕುವುದು ಗಾಣದ ಕುಸುಬಿ ಎಣ್ಣೆ. ಹಸಿ ತೊಪ್ಪಲಿಗೆ ಕುಸುಬಿ ಎಣ್ಣೆಯ ಘಮ ಹೊಂದುವ ಹಾಗೆ ಬೇರೆ ಯಾವುದೂ ಹೊಂದುವುದಿಲ್ಲ ಎಂಬುದು ನನ್ನ ನಂಬಿಕೆ. ನಮ್ಮ ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಎಂಬ ಸರ್ಕಾರಿ ಗುರುತು, ಸಿಕ್ಕಿದೆ. ಸಿಕ್ಕರೆ ಅದನ್ನೇ ತಾ, ರಸ ಜಾಸ್ತಿ.

ಎರಡನೆಯ ಡಬ್ಬಿಯ ಪುಡಿಯನ್ನು ತಟ್ಟೆಗೆ ಬಡಿಸಿಕೊಂಡ ಮೇಲೆ ಉದುರಿಸಿಕೋ.

ಒಂದು ವಿಷಯದಲ್ಲಿ ಜೋಪಾನ. ಹಸಿ ಬಳ್ಳೊಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಬೇಡ. ಎಣ್ಣೆಯೊಳಗೆ ಗಾಳಿ ಇರುವುದಿಲ್ಲ, ಬಳ್ಳೊಳ್ಳಿಯಲ್ಲಿ ಹುಳಿ ಇಲ್ಲ. ಅಂಥ ಕಡೆ ಬಾಟುಲಿಸಂ ಎಂಬ ಕಾಯಿಲೆ ತರುವ ವಿಷ ಮಾಡುವ ಸೂಕ್ಷ್ಮಜೀವಿ ಬೆಳೆಯಬಹುದು. ವಾಸನೆ, ರುಚಿ ನೋಡಿ ಅದು ಗೊತ್ತಾಗುವುದಿಲ್ಲ. ಒಣಗಿಸಿದ ಪುಡಿಗೆ ಈ ಭಯವಿಲ್ಲ.

ಬೆಳಗಾವಿ, ಶಹಾಪುರದಿಂದ

ಅಕ್ಕಾವ್ರು ಹೇಳಿದ ಎರಡು ಡಬ್ಬಿಯ ಮಾತು ನೂರಕ್ಕೆ ನೂರು ಸರಿ. ನಮ್ಮ ಮನೆಯಲ್ಲಿ ಮರಾಠಿ, ಕನ್ನಡ ಎರಡೂ ಅಡುಗೆ ನಡೆಯುತ್ತದೆ. ಮರಾಠಿಯ ಹಸಿ ತರಕಾರಿ ಕೋಸಂಬರಿಯಾದ ಕೋಶಿಂಬಿರ್‌ಗೆ ಶೇಂಗಾ ಪುಡಿ ಬೇಕೇ ಬೇಕು. ಸೌತಿಕಾಯಿಗೆ ಉಪ್ಪು ಹಾಕಿದರೆ ಹತ್ತು ನಿಮಿಷದಲ್ಲಿ ನೀರು ಬಿಡುತ್ತದೆ, ಆ ನೀರಿನಲ್ಲಿ ಎಂಥ ಮಸಾಲೆಯೂ ತೇಲಿಹೋಗುತ್ತದೆ. ಹಾಗಾಗಿ ಹೆಚ್ಚಿದ ಸೌತಿಕಾಯಿಗೆ ಚಿಟಿಕೆ ಉಪ್ಪು ಹಾಕಿ, ಕಾಲು ತಾಸು ಬಿಟ್ಟು, ಮುಷ್ಟಿಯಲ್ಲಿ ಹಿಂಡಿ ತೆಗೆಯಿರಿ. ಆ ನೀರನ್ನು ಚೆಲ್ಲಬೇಡಿ, ಮಜ್ಜಿಗೆಗೆ ಹಾಕಿ ಕುಡಿಯಿರಿ. ಗಜ್ಜರಿ, ಎಲೆಕೋಸಿಗೆ ಇದು ಬೇಕಾಗಿಲ್ಲ.

ಪುಡಿಯನ್ನು ಒಂದೇ ದೊಡ್ಡ ಡಬ್ಬಿಯಲ್ಲಿ ಇಡುವ ಬದಲು ನಾಲ್ಕು ಸಣ್ಣ ಬಾಟಲಿಗೆ ಹಂಚಿ. ವಾರಕ್ಕೊಂದು ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಲ್ಲಿ ಡಬ್ಬಿಯ ಮುಚ್ಚಳ ತೆಗೆದಷ್ಟೂ ತೇವ ಒಳಗೆ ಹೋಗುತ್ತದೆ. ಚಮಚ ಒಣಗಿರಲಿ.

ಜಮಖಂಡಿಯಿಂದ

ನನಗೆ ಬಿ.ಪಿ. ಇದೆ, ಏಳು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದಕ್ಕೇ ಉಪ್ಪಿನ ಬಗ್ಗೆ ಒಂದು ಮಾತು. ಇಡೀ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ಮೆಸ್ಸಿನ ಊಟ, ಉಪ್ಪಿನಕಾಯಿ, ಹಪ್ಪಳದಲ್ಲೇ ಅದು ಮುಗಿದಿರುತ್ತದೆ. ನಮ್ಮ ಮನೆಯಲ್ಲಿ ಈ ಪುಡಿಗೆ ಉಪ್ಪನ್ನೇ ಹಾಕುವುದಿಲ್ಲ. ಆಮ್‌ಚೂರ್ ಒಂದು ಚಮಚ ಜಾಸ್ತಿ ಹಾಕುತ್ತೇವೆ, ತಿನ್ನುವಾಗ ಲಿಂಬೆ ಹಿಂಡುತ್ತೇವೆ. ಹುಳಿ ಚೆನ್ನಾಗಿದ್ದರೆ ಉಪ್ಪು ಕಡಿಮೆ ಇದ್ದದ್ದು ನಾಲಿಗೆಗೆ ತಿಳಿಯುವುದಿಲ್ಲ. ಕರಿ ಉಪ್ಪು, ಸೈಂಧವ ಎಂದು ಕೆಲವರು ಧೈರ್ಯವಾಗಿ ಹಾಕುತ್ತಾರೆ. ಅವೂ ಬಹುಪಾಲು ಅದೇ ಸೋಡಿಯಂ ಇರುವ ಉಪ್ಪೇ. ನಿಮಗೆ ಈಗ ಚಿಕ್ಕ ವಯಸ್ಸು ತಂಗಿ, ಆದರೂ ರೂಢಿ ಈಗಿನಿಂದಲೇ ಆಗಲಿ.

ಬಾಗಲಕೋಟೆಯಿಂದ

ನಾನು ಅಗಸಿ ಹಾಕುತ್ತೇನೆ. ಹುರಿದು ಪುಡಿ ಮಾಡಿದರೆ ಮೊಸರು ಗಟ್ಟಿಯಾಗಿ ತರಕಾರಿಗೆ ಅಂಟಿಕೊಳ್ಳುತ್ತದೆ, ಮೇಯನೇಸ್ ಬೇಕಾಗುವುದಿಲ್ಲ. ಆದರೆ ಅಗಸಿ ಪುಡಿ ಎಲ್ಲಕ್ಕಿಂತ ಬೇಗ ಕಮಟಾಗುತ್ತದೆ. ಇಡೀ ಕಾಳು ಹುರಿದು ಒಯ್ಯಿರಿ, ವಾರಕ್ಕೆ ಬೇಕಾದಷ್ಟನ್ನೇ ಸಣ್ಣ ಕಲ್ಲಿನಲ್ಲಿ ಕುಟ್ಟಿಕೊಳ್ಳಿ. ಮತ್ತೆ, ಬರೀ ಸೌತಿಕಾಯಿ ಗಜ್ಜರಿಗೆ ನಿಲ್ಲಬೇಡಿ. ಊರಿಂದ ಬರುವಾಗ ಮೆಂತ್ಯೆ ತೊಪ್ಪಲು, ಹಕ್ಕರಕಿ ಸೊಪ್ಪು ತನ್ನಿ. ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ ಕೂಡಿಸಿ, ಈ ಪುಡಿ ಮತ್ತು ಎಣ್ಣೆ ಹಾಕಿದರೆ ನಮ್ಮ ಪಚಡಿಯೇ ಆಯಿತು. ಜೊತೆಗೆ ಕಟಕ್ ರೊಟ್ಟಿ ಇದ್ದರೆ ರಾತ್ರಿಯ ಊಟ ಮುಗಿಯಿತು, ಗ್ಯಾಸ್ ಬೇಕಿಲ್ಲ.

ಕೇಳಿದವರು, ಮೂರು ವಾರದ ಮೇಲೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಊರಿಗೆ ಹೋದಾಗ ಅವ್ವ ಮತ್ತು ನಾನು ಕೂತು ಮಾಡಿದೆವು. ಮೊಸರಿನದು ನನ್ನ ಗೆಳತಿಗೆ ಎಷ್ಟು ಹಿಡಿಸಿದೆ ಅಂದರೆ ಅವಳು ಆ ಪಾಕೀಟನ್ನು ಮತ್ತೆ ಮುಟ್ಟಿಲ್ಲ. ಉಪ್ಪು ಒಂದೇ ಚಮಚ ಹಾಕಿದೆ, ಸಾಕಾಯಿತು. ಇಲ್ಲಿ ದಿನಾ ಮಳೆ, ಆದರೂ ಮೊದಲ ಡಬ್ಬಿಯ ಪುಡಿ ಇನ್ನೂ ಉದುರುದುರಾಗಿಯೇ ಇದೆ.

ಎರಡನೆಯ ಡಬ್ಬಿಯದು ಮಾತ್ರ ಕಹಿ ಬಂದಿದೆ. ಜೊತೆಗೆ ಹಲ್ಲಿಗೆ ಮರಳು ಸಿಕ್ಕ ಹಾಗೆ ಆಗುತ್ತದೆ. ಶೇಂಗಾದಲ್ಲಿ ದೋಷವೋ, ಗುರೆಳ್ಳಿನಲ್ಲೋ?

ವಿಜಯಪುರದಿಂದ

ಎರಡೂ ಗುರೆಳ್ಳಿನದೇ ತಂಗಿ. ನಾನು ಮೊದಲೇ ಹೇಳಬೇಕಿತ್ತು. ಗುರೆಳ್ಳಿನಲ್ಲಿ ಕಣದ ಮಣ್ಣು ಇರುತ್ತದೆ, ಕಾಳೂ ಕಪ್ಪು, ಮಣ್ಣೂ ಕಪ್ಪು, ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕೈಯಾಡಿಸು. ಕಾಳು ಮೇಲೆ ತೇಲುತ್ತದೆ, ಮಣ್ಣು ತಳಕ್ಕೆ ಇಳಿಯುತ್ತದೆ. ಮೇಲಿನದನ್ನು ಜರಡಿಯಲ್ಲಿ ಬಾಚಿಕೊಂಡು ಬಟ್ಟೆಯ ಮೇಲೆ ಪೂರ್ತಿ ಒಣಗಿಸು. ಹುರಿಯುವಾಗ ಬಣ್ಣ ನೋಡಿ ಗುರುತು ಸಿಗುವುದಿಲ್ಲ, ಕಿವಿಯಿಂದ ಕೇಳಬೇಕು. ಸಣ್ಣ ಉರಿಯಲ್ಲಿ ಕೈ ಬಿಡದೆ ಆಡಿಸು. ಚಟಪಟ ಅನ್ನಲು ಶುರುವಾದ ಕೂಡಲೇ ಇಳಿಸಿ ಬೇರೆ ತಟ್ಟೆಗೆ ಸುರಿ. ಕಡಾಯಿಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀಯುತ್ತದೆ, ಆ ಕಹಿ ಆಮೇಲೆ ಹೋಗುವುದಿಲ್ಲ.

ಈಗ ಇರುವ ಪುಡಿಯನ್ನು ಬಿಡು, ಮರಳು ತಿನ್ನಬೇಡ. ಮುಂದಿನ ಸಲ ಊರಿಗೆ ಹೋಗುವವರೆಗೆ ಹುರಿದ ಶೇಂಗಾ ತಂದು ಕುಟ್ಟಿಕೋ, ಅದಕ್ಕೆ ಏನೂ ಬೇಕಾಗಿಲ್ಲ.