ಸಹಾಯ ಬೇಕು: ಲೈವ್ ಯುಎಸ್‌ಬಿಯಲ್ಲಿ ತೆರೆಯುವ ಡಿಸ್ಕ್ ಬೂಟ್ ಆಗುವಾಗ ತೆರೆಯುತ್ತಿಲ್ಲ

ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಅಣ್ಣ ಲಂಡನ್ನಿನಿಂದ ತಂದುಕೊಟ್ಟ ಲ್ಯಾಪ್‌ಟಾಪ್, ಯುಕೆ ಕೀಬೋರ್ಡ್. ಡೆಬಿಯನ್ 12 (ಲಿನಕ್ಸ್) ಇದೆ, ರೂಟ್ ಪಾರ್ಟಿಶನ್‌ಗೆ (ಸಿಸ್ಟಮ್ ಇರುವ ಭಾಗ) ಲಕ್ಸ್ ಎನ್‌ಕ್ರಿಪ್ಶನ್, ಅಂದರೆ ಪಾಸ್‌ಫ್ರೇಸ್ ಕೊಟ್ಟರೆ ಮಾತ್ರ ತೆರೆಯುವ ಬೀಗ. ಮೊನ್ನೆ ಸುಮ್ನೆ ಇರಲಾರದೆ ಕೀಬೋರ್ಡ್ ಲೇಔಟ್ ಅನ್ನು ಯುಎಸ್ ಮಾಡಿದೆ. ಅದೇ ದಿನ ಕರ್ನಲ್ ಅಪ್‌ಡೇಟ್ ಕೂಡ ಆಯಿತು. ಆಮೇಲಿಂದ ಬೂಟ್ ಆಗುವಾಗ ಪಾಸ್‌ಫ್ರೇಸ್ ತಪ್ಪು ಅನ್ನುತ್ತಿದೆ.

ಮೊದಲು ಡಿಸ್ಕೇ ಹೋಯಿತು ಅಂದುಕೊಂಡೆ. ಆದರೆ ಲೈವ್ ಯುಎಸ್‌ಬಿಯಲ್ಲಿ (ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್) ಯುಕೆ ಲೇಔಟ್ ಆರಿಸಿ ಅದೇ ಪಾಸ್‌ಫ್ರೇಸ್ ಕೊಟ್ಟರೆ ತೆರೆಯುತ್ತದೆ, ಫೈಲ್‌ಗಳೆಲ್ಲ ಕ್ಷೇಮ. ಆಗ ಹೊಳೆಯಿತು: ಪಾಸ್‌ಫ್ರೇಸ್‌ನಲ್ಲಿ £ ಇದೆ! ಯುಕೆ ಕೀಬೋರ್ಡ್‌ನಲ್ಲಿ ಶಿಫ್ಟ್ ಜೊತೆ 3 ಒತ್ತಿದರೆ £, ಯುಎಸ್‌ನಲ್ಲಿ #. (ಬುದ್ಧಿವಂತಿಕೆ ಜಾಸ್ತಿ ಆಗಿತ್ತು ನನಗೆ.)

ಲಕ್ಸ್‌ಡಂಪ್‌ನಲ್ಲಿ (ಲಕ್ಸ್ ವಿವರ ತೋರಿಸುವ ಕಮಾಂಡ್) ಆವೃತ್ತಿ 2, ಸ್ಲಾಟ್ 0 ಮಾತ್ರ ಕಾಣಿಸುತ್ತದೆ, ಅಂದರೆ ಇರುವುದು ಒಂದೇ ಪಾಸ್‌ಫ್ರೇಸ್. ಸಿಹೆಚ್‌ರೂಟ್ ಮಾಡಿ (ಲೈವ್‌ನಿಂದಲೇ ಡಿಸ್ಕ್‌ನಲ್ಲಿರುವ ಸಿಸ್ಟಮ್ ಒಳಗೆ ಹೋಗಿ) ಲೇಔಟ್ ವಾಪಸ್ ಯುಕೆ ಮಾಡಿದೆ, ಬೂಟ್ ಆಗುವಾಗ ಪಾಸ್‌ಫ್ರೇಸ್ ಕೇಳುವ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿದೆ. ಆದರೆ ಕ್ರಿಪ್ಟ್‌ಟ್ಯಾಬ್‌ನಲ್ಲಿ (ಎನ್‌ಕ್ರಿಪ್ಟ್ ಆದ ಡಿಸ್ಕ್‌ಗಳ ಹೆಸರಿನ ಪಟ್ಟಿ ಇರುವ ಫೈಲ್) ನಾನು ಡಿಸ್ಕ್ ತೆರೆದ ಹೆಸರೇ ಇಲ್ಲ ಅಂತ ಎಚ್ಚರಿಕೆ ಬಂತು. ಲೈವ್‌ನಲ್ಲಿ ನಾನು ಬೇರೆ ಹೆಸರಿಟ್ಟು ತೆರೆದಿದ್ದೆ, ಅದಕ್ಕೇ ಇರಬೇಕು ಅಲ್ವಾ? ರೀಬೂಟ್ ಮಾಡಲು ಭಯ.

ಈಗ ಕ್ರಿಪ್ಟ್‌ಟ್ಯಾಬ್‌ನಲ್ಲಿರುವ ಹೆಸರಿನಲ್ಲೇ ಮತ್ತೆ ತೆರೆದು ಅಪ್‌ಡೇಟ್ ಮಾಡಿದರೆ ಸಾಕಾ? ಇಲ್ಲ, ಮೊದಲು ಲಕ್ಸ್‌ಆಡ್‌ಕೀಯಿಂದ ಬರೀ ಅಕ್ಷರಗಳ ಇನ್ನೊಂದು ಪಾಸ್‌ಫ್ರೇಸ್ ಸೇರಿಸಬೇಕಾ? ಹಾಗೆ ಸೇರಿಸಿದರೆ ಡೇಟಾಗೆ ಏನಾದರೂ ಅಪಾಯ ಇದೆಯಾ?