ಹೊಸ ಕರ್ನಲ್ ಕಂಪೈಲ್ ಮಾಡಿದ ಮೇಲೆ ನ್ಯಾಸ್ ಮೌಂಟ್ ಆಗುತ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಇದೆ, ಅದರಲ್ಲಿ ಡೆಬಿಯನ್ ಲಿನಕ್ಸ್. ಕಲಿಯೋಣ ಅಂತ 6.6ರ ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಸೋರ್ಸ್ ಇಳಿಸಿಕೊಂಡು, 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಕೊಟ್ಟು ಕಂಪೈಲ್ ಮಾಡಿದೆ. ಬೂಟ್ ಆಯಿತು, ಖುಷಿಯೂ ಆಯಿತು. ಸಂಜೆ ನ್ಯಾಸ್ (ಮನೆಯ ನೆಟ್‌ವರ್ಕಿನ ಫೈಲ್ ಪೆಟ್ಟಿಗೆ) ಮೌಂಟ್ ಮಾಡಲು, ಅಂದರೆ ಅದರ ಫೋಲ್ಡರನ್ನು ಈ ಯಂತ್ರಕ್ಕೆ ಜೋಡಿಸಲು ಹೋದರೆ 'ಮೌಂಟ್.ಎನ್‌ಎಫ್‌ಎಸ್: ನೋ ಸಚ್ ಡಿವೈಸ್' ಅಂತ ಬಂತು. ಡೆಬಿಯನ್ನಿನ ಹಳೆ ಕರ್ನಲ್‌ನಲ್ಲಿ ಬೂಟ್ ಮಾಡಿದರೆ ಎಲ್ಲ ಸರಿ. ಕರ್ನಲ್ ಆಯ್ಕೆಗಳ ಮೆನು, ಮೆನುಕಾನ್ಫಿಗ್‌ನಲ್ಲಿ 'ನೆಟ್‌ವರ್ಕ್ ಫೈಲ್ ಸಿಸ್ಟಮ್ಸ್' ಒಳಗೆ ಹೋದರೆ ದೊಡ್ಡ ಸಂತೆ. ಯಾವುದಕ್ಕೆ ವೈ (ಕರ್ನಲ್ ಒಳಗೇ), ಯಾವುದಕ್ಕೆ ಎಂ (ಬೇಕಾದಾಗ ಸೇರುವ ಮಾಡ್ಯೂಲ್)? ಅಪ್ಪನ ಯಕ್ಷಗಾನ ರೆಕಾರ್ಡಿಂಗ್‌ಗಳು ಬೇರೆ ವಿಂಡೋಸ್ ಕಂಪ್ಯೂಟರಿನ ಶೇರ್‌ನಲ್ಲಿವೆ, ಫೋಲ್ಡರ್ ಹೆಸರುಗಳು ಕನ್ನಡದಲ್ಲಿ. ಅದೂ ಬೇಕು.

ಬೆಂಗಳೂರಿನಿಂದ

ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ ಸರ್. ತಪ್ಪು ಲೋಕಲ್‌ಮಾಡ್‌ಕಾನ್ಫಿಗ್‌ದು. ಅದು ಮಾಡುವ ಕೆಲಸ ಇಷ್ಟೇ: ಆ ಗಳಿಗೆಯಲ್ಲಿ ಎಲ್‌ಎಸ್‌ಮಾಡ್ ಪಟ್ಟಿಯಲ್ಲಿ ಯಾವ ಮಾಡ್ಯೂಲ್ ಲೋಡ್ ಆಗಿದೆಯೋ ಅದನ್ನು ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಕಿತ್ತು ಹಾಕುತ್ತದೆ. ನೀವು ಆಗ ನ್ಯಾಸ್ ಮೌಂಟ್ ಮಾಡಿರಲಿಲ್ಲ, ಅಲ್ವಾ? ಹಾಗಾಗಿ ಎನ್‌ಎಫ್‌ಎಸ್, ಅಂದರೆ ನ್ಯಾಸ್‌ನ ಫೈಲ್ ತರುವ ಮಾಡ್ಯೂಲ್, ಹೋಯಿತು. ಆವತ್ತು ಪೆನ್‌ಡ್ರೈವ್ ಚುಚ್ಚಿರದಿದ್ದರೆ ಅದೂ ಹೋಗಿರುತ್ತದೆ, ಒಮ್ಮೆ ನೋಡಿಕೊಳ್ಳಿ. ನನ್ನದರಲ್ಲಿ ಪ್ರಿಂಟರ್ ಹೋಗಿತ್ತು. ಗೊತ್ತಾಗಿದ್ದು ಎರಡು ವಾರ ಬಿಟ್ಟು, ಮಗಳ ಹಾಲ್ ಟಿಕೆಟ್ ಪ್ರಿಂಟ್ ತೆಗೆಯುವಾಗ.

ಹಳೆ ಕರ್ನಲ್‌ನಲ್ಲಿ ಬೂಟ್ ಮಾಡಿ. ನ್ಯಾಸ್, ವಿಂಡೋಸ್ ಶೇರ್ ಎರಡನ್ನೂ ಮೌಂಟ್ ಮಾಡಿ, ಮನೆಯಲ್ಲಿರುವ ಎಲ್ಲ ವೈರುಗಳನ್ನೂ ಚುಚ್ಚಿ. ಈಗ ಎಲ್‌ಎಸ್‌ಮಾಡ್ ಕೊಟ್ಟರೆ ಎನ್‌ಎಫ್‌ಎಸ್‌ವಿ4, ಎನ್‌ಎಫ್‌ಎಸ್, ಲಾಕ್‌ಡಿ, ಸನ್‌ಆರ್‌ಪಿಸಿ ಅಂತ ಒಂದು ಸಂಸಾರವೇ ಕಾಣುತ್ತದೆ. ಆ ಪಟ್ಟಿಯನ್ನು ಒಂದು ಫೈಲಿಗೆ ಹಾಕಿಟ್ಟುಕೊಳ್ಳಿ. ಮುಂದಿನ ಸಲ ಲೋಕಲ್‌ಮಾಡ್‌ಕಾನ್ಫಿಗ್ ಕೊಡುವಾಗ 'ಎಲ್‌ಎಸ್‌ಮಾಡ್=' ಅಂತ ಬರೆದು ಆ ಫೈಲನ್ನು ತೋರಿಸಿದರೆ ಅದರ ಪ್ರಕಾರ ಮಾಡುತ್ತದೆ. (ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ. ಇಲ್ಲಿ 'ಎಲ್‌ಎಸ್‌ಮಾಡ್' ದೊಡ್ಡಕ್ಷರದಲ್ಲಿ.)

ಈಗ ಸಂತೆಯ ವಿಷಯ. ಮೆನುವಿನಲ್ಲಿ ಅಲೆಯಬೇಡಿ. ಸ್ಲ್ಯಾಶ್ ಒತ್ತಿ 'ಎನ್‌ಎಫ್‌ಎಸ್_ಎಫ್‌ಎಸ್' ಅಂತ ಹುಡುಕಿ. ಎಲ್ಲಿದೆ, ಈಗ ಏನಾಗಿದೆ, ಯಾವುದರ ಮೇಲೆ ನಿಂತಿದೆ, ಎಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ಪಕ್ಕದ ಅಂಕಿ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ಅಲ್ಲಿ ಎರಡು ಥರದ ಕಂಸ ನೋಡುತ್ತೀರಿ. ಚೂಪು ಕಂಸವಿದ್ದರೆ ಎಂ ಹಾಕಬಹುದು, ಅಂದರೆ ಬೇಕಾದಾಗ ಲೋಡ್ ಆಗುವ ಮಾಡ್ಯೂಲ್. ಚೌಕ ಕಂಸವಿದ್ದರೆ ನಕ್ಷತ್ರ (ವೈ) ಅಥವಾ ಖಾಲಿ (ಎನ್), ಅಷ್ಟೇ.

'ಎನ್‌ಎಫ್‌ಎಸ್ ಕ್ಲೈಂಟ್ ಸಪೋರ್ಟ್'ಗೆ ಎಂ ಹಾಕಿ. ಅದರ ಕೆಳಗೆ ಆವೃತ್ತಿ 3 ಮತ್ತು 4ಕ್ಕೂ ಎಂ. 4.1ಕ್ಕೆ ನಕ್ಷತ್ರ ಹಾಕಿದರೆ ಮಾತ್ರ 4.2 ಕಣ್ಣಿಗೆ ಬೀಳುತ್ತದೆ, ಅದಕ್ಕೂ ಹಾಕಿ. ಆವೃತ್ತಿ 2 ಬೇಡವೇ ಬೇಡ. ಅದು 1980ರ ದಶಕದ್ದು, 2 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಆಗಿಬರುವುದಿಲ್ಲ. ರಾತ್ರಿಯಿಡೀ ನಡೆದ ಯಕ್ಷಗಾನದ ಆಟದ ವಿಡಿಯೋ ಅಂತೂ ಅದರಲ್ಲಿ ಹಿಡಿಯುವುದಿಲ್ಲ. 'ಎನ್‌ಎಫ್‌ಎಸ್ ಸರ್ವರ್ ಸಪೋರ್ಟ್' ಅಂತ ಪಕ್ಕದಲ್ಲೇ ಇದೆ. ಅದು ನಿಮ್ಮ ಫೈಲನ್ನು ಬೇರೆಯವರಿಗೆ ಕೊಡಲಿಕ್ಕೆ. ಹೆಸರು ನೋಡಿ ಸುಮ್ನೆ ಟಿಕ್ ಮಾಡಬೇಡಿ.

ಮತ್ತೆ ಕಂಪೈಲ್ ಮಾಡುವ ಮೊದಲು 'ಲೋಕಲ್‌ವರ್ಷನ್' ಜಾಗದಲ್ಲಿ ಏನಾದರೂ ಬಾಲ ಅಂಟಿಸಿ. ಇಲ್ಲದಿದ್ದರೆ ಹೊಸ ಮಾಡ್ಯೂಲ್‌ಗಳು ಹಳೆಯವುಗಳ ಮೇಲೇ ಕೂರುತ್ತವೆ, ತಿರುಗಿ ಹೋಗಲು ದಾರಿ ಇರುವುದಿಲ್ಲ.

ಉಡುಪಿಯಿಂದ

ಎನ್‌ಎಫ್‌ಎಸ್ ಬಗ್ಗೆ ಮೇಲಿನವರು ಹೇಳಿದ್ದಾರೆ. ವಿಂಡೋಸ್ ಶೇರ್ ಮತ್ತು ಕನ್ನಡ ಹೆಸರು ನನ್ನ ಕ್ಷೇತ್ರ, ಮೂರು ದಿನ ಅದರಲ್ಲೇ ಒದ್ದಾಡಿದ್ದೇನೆ.

ವಿಂಡೋಸ್ ಶೇರ್ ಮಾತಾಡುವ ಭಾಷೆ ಎಸ್‌ಎಂಬಿ, ಲಿನಕ್ಸ್‌ನಲ್ಲಿ ಅದರ ಮಾಡ್ಯೂಲ್ ಸಿಐಎಫ್‌ಎಸ್. ಮೆನುವಿನಲ್ಲಿ ಅದರ ಹೆಸರು 'ಎಸ್‌ಎಂಬಿ3 ಅಂಡ್ ಸಿಐಎಫ್‌ಎಸ್ ಸಪೋರ್ಟ್'. ಎಂ ಹಾಕಿ. ಮನೆ ಬಳಕೆಗೆ ಕೆಳಗಿನ ಡೀಬಗ್, ಆರ್‌ಡಿಎಂಎ, ಕರ್ಬರೋಸ್ ಯಾವುದೂ ಬೇಡ. ನಾನೂ ಹಾಗೇ ಮಾಡಿದೆ, ಮೌಂಟೂ ಆಯಿತು. ಫೋಲ್ಡರ್ ಪಟ್ಟಿ ನೋಡಲು ಎಲ್‌ಎಸ್ ಕೊಟ್ಟರೆ 'ಯಕ್ಷಗಾನ' ಫೋಲ್ಡರ್ ಇರಬೇಕಾದ ಜಾಗದಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆ. ನನ್ನ ಬಳಿಯೂ ಅದೇ ಹೆಸರಿನ ಫೋಲ್ಡರ್ ಇದೆ, ಉಡುಪಿಯವಳು ನೋಡಿ! ಕಣ್ಣಿಗೆ ನಾಲ್ಕೇ ಅಕ್ಷರ, ಚಿಹ್ನೆ ಮಾತ್ರ ಏಳು. ಎಣಿಸಿ ನೋಡಿದ ಮೇಲೆ ತಿಳಿಯಿತು: ಯ, ಕ, ಅರ್ಧಚಿಹ್ನೆ, ಷ, ಗ, ದೀರ್ಘ, ನ. ಯೂನಿಕೋಡ್‌ನಲ್ಲಿ ಅವು ಏಳು ತುಂಡು, ಒಂದೊಂದು ತುಂಡಿಗೂ ಒಂದೊಂದು ಪ್ರಶ್ನೆ. ಆ ಹೆಸರನ್ನೇ ಕೊಟ್ಟು ಒಳಗೆ ಹೋಗುವಂತೆಯೂ ಇಲ್ಲ, ಆ ಹೆಸರಿನ ಫೋಲ್ಡರೇ ಅಲ್ಲಿಲ್ಲವಲ್ಲ.

ಕಾರಣ ಏನೆಂದರೆ, ವಿಂಡೋಸ್ ಕಡೆಯಿಂದ ಹೆಸರು ಯುಟಿಎಫ್-16ರಲ್ಲಿ (ಯೂನಿಕೋಡ್ ಬರೆಯುವ ಒಂದು ಕ್ರಮ) ಬರುತ್ತದೆ. ಅದನ್ನು ನಮ್ಮ ಕಡೆಯ ಯುಟಿಎಫ್-8ಕ್ಕೆ ತಿರುಗಿಸುವುದು ಕರ್ನಲ್‌ನ ಕೆಲಸ. ಅದಕ್ಕೆ 'ಎನ್‌ಎಲ್‌ಎಸ್_ಯುಟಿಎಫ್8' ಅಂತ ಬೇರೆಯೇ ಮಾಡ್ಯೂಲ್ ಇದೆ. ಅದಿರುವುದು ನೆಟ್‌ವರ್ಕ್ ಮೆನುವಿನಲ್ಲಿ ಅಲ್ಲ, ಫೈಲ್ ಸಿಸ್ಟಮ್ಸ್ ಕೆಳಗೆ 'ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್' ಒಳಗೆ. ಸಿಐಎಫ್‌ಎಸ್ ಆನ್ ಮಾಡಿದರೆ ಇದು ತಾನಾಗಿ ಆನ್ ಆಗುವುದಿಲ್ಲ. ಲೋಕಲ್‌ಮಾಡ್‌ಕಾನ್ಫಿಗ್ ಇದನ್ನೂ ಕಿತ್ತಿರುತ್ತದೆ. ಮಜಾ ಏನಂದರೆ, 'ಡೀಫಾಲ್ಟ್ ಎನ್‌ಎಲ್‌ಎಸ್ ಆಪ್ಷನ್' ಸಾಲಿನಲ್ಲಿ ಯುಟಿಎಫ್8 ಅಂತ ಬರೆದೇ ಇರುತ್ತದೆ. ಮಾಡ್ಯೂಲ್ ಸಿಗದಿದ್ದರೆ ಕರ್ನಲ್ ತುಟಿ ಪಿಟಕ್ಕೆನ್ನದೆ ತನ್ನೊಳಗಿನ ಹಳೆ ಲ್ಯಾಟಿನ್ ಕೋಷ್ಟಕ ಹಿಡಿಯುತ್ತದೆ. ಅದರಲ್ಲಿ ಕನ್ನಡ ಎಲ್ಲಿಂದ ಬರಬೇಕು?

ಮೌಂಟ್ ಮಾಡುವಾಗ 'ಐಒಚಾರ್‌ಸೆಟ್=ಯುಟಿಎಫ್8' ಅಂತ ನೀವೇ ಬರೆದರೆ ಒಳ್ಳೆಯದು. ಆಗ ಮಾಡ್ಯೂಲ್ ಇಲ್ಲದಿದ್ದರೆ 'ಮೌಂಟ್ ಎರರ್ 79' ಅಂತ ಬಾಯಿಬಿಟ್ಟು ಹೇಳುತ್ತದೆ. ಪಕ್ಕದಲ್ಲಿ 'ಬೇಕಾದ ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ' ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಇರುತ್ತದೆ, ಅದನ್ನು ನಂಬಿ ನಾನು ಒಂದು ಇಡೀ ದಿನ ಲೈಬ್ರರಿ ಹುಡುಕಿದೆ. ವಾಕ್ಯ ಬಿಡಿ, ನಂಬರ್ ನೋಡಿ. 19 ಬಂದರೆ ಕರ್ನಲ್‌ನಲ್ಲಿ ಸಿಐಎಫ್‌ಎಸ್ ಇಲ್ಲ. 79 ಬಂದರೆ ಅಕ್ಷರದ ಮಾಡ್ಯೂಲ್ ಇಲ್ಲ. 13 ಬಂದರೆ ಹೆಚ್ಚಾಗಿ ಪಾಸ್‌ವರ್ಡ್. 115 ಬಂದರೆ 445ನೇ ಪೋರ್ಟನ್ನು ಯಾವುದೋ ಫೈರ್‌ವಾಲ್ ತಡೆಯುತ್ತಿದೆ. 2 ಬಂದರೆ ಶೇರ್ ಹೆಸರು ತಪ್ಪು. ಕೊನೆಯ ಮೂರಕ್ಕೆ ಕರ್ನಲ್ ಮುಟ್ಟುವ ಅಗತ್ಯವೇ ಇಲ್ಲ.

ಎನ್‌ಎಫ್‌ಎಸ್‌ನಲ್ಲಿ ಈ ರಗಳೆ ಇಲ್ಲ. ಲಿನಕ್ಸ್‌ನಿಂದ ಲಿನಕ್ಸ್‌ಗೆ ಹೆಸರಿನ ಬೈಟ್‌ಗಳು ಹೇಗಿವೆಯೋ ಹಾಗೇ ಬರುತ್ತವೆ.

ಮ್ಯೂನಿಕ್‌ನಿಂದ

ಮೇಡಂ ಪಟ್ಟಿಗೆ ಒಂದು ತಿದ್ದುಪಡಿ. 2 ಬಂದಾಗ ಯಾವಾಗಲೂ ಶೇರ್ ಹೆಸರೇ ತಪ್ಪು ಅಂತಲ್ಲ. ನಾನು ಒಂದು ಸಣ್ಣ ಬೋರ್ಡಿಗೆ ಸಿಐಎಫ್‌ಎಸ್ ಮಾಡ್ಯೂಲ್ ಫೈಲನ್ನು ಮಾತ್ರ ಕೈಯಲ್ಲಿ ಕಾಪಿ ಮಾಡಿದ್ದೆ. ಲೋಡ್ ಆಯಿತು, ಮೌಂಟ್ ಕೊಟ್ಟರೆ ಎರರ್ 2. ಶೇರ್ ಹೆಸರನ್ನು ಹತ್ತು ಸಲ ನೋಡಿದೆ, ಸರಿಯಾಗೇ ಇತ್ತು. ಕೊನೆಗೆ ಕರ್ನಲ್‌ನ ಸಂದೇಶಗಳ ಪಟ್ಟಿ, ಡಿಮೆಸ್ಗ್ ನೋಡಿದರೆ 'ಸಿಮ್ಯಾಕ್ (ಎಇಎಸ್)' ಸಿಗಲಿಲ್ಲ ಅಂತ ಸಾಲು. ಎಸ್‌ಎಂಬಿ3 ಪ್ರತಿ ಪೊಟ್ಟಣಕ್ಕೂ ಸಹಿ ಹಾಕಲು ಕ್ರಿಪ್ಟೋ ಮಾಡ್ಯೂಲ್‌ಗಳನ್ನು ಮೌಂಟ್ ಹೊತ್ತಿನಲ್ಲಿ ಹೆಸರು ಹಿಡಿದು ಕರೆಯುತ್ತದೆ. ಮಾಡ್ಯೂಲಿನ 'ಡಿಪೆಂಡ್ಸ್' ಸಾಲಿನಲ್ಲಿ ಅವು ಕಾಣುವುದೇ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ 'ಮಾಡ್ಯೂಲ್ಸ್_ಇನ್‌ಸ್ಟಾಲ್' ಕೊಟ್ಟರೆ ಎಲ್ಲ ಬರುತ್ತವೆ, ಚಿಂತೆ ಇಲ್ಲ. ಕೈಯಲ್ಲಿ ಆರಿಸಿ ಹಾಕುವವರು ಮಾತ್ರ ಹುಷಾರು.

ಇನ್ನೊಂದು. ಎರರ್ 95 ಅಥವಾ 112 ಬಂದು, ಆ ಕಡೆ ಇರುವುದು ಹಳೆ ನ್ಯಾಸೋ ರೂಟರೋ ಆಗಿದ್ದರೆ, ಅದು ಎಸ್‌ಎಂಬಿ 1 ಬಿಟ್ಟು ಬೇರೇನೂ ಮಾತಾಡದ ಯಂತ್ರ ಇರಬಹುದು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಹಬ್ಬಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ತೂತಿನಿಂದ. ಅದೇ ವರ್ಷ ಬಂದ ಲಿನಕ್ಸ್ 4.13ರಿಂದ ಕ್ಲೈಂಟ್ ತಾನಾಗಿ 1ಕ್ಕೆ ಇಳಿಯುವುದಿಲ್ಲ. 'ಅಲೋ_ಇನ್‌ಸೆಕ್ಯೂರ್_ಲೆಗಸಿ' ಅಂತ ಆಯ್ಕೆ ಇದೆ, ಅದಿದ್ದು 'ವರ್ಸ್=1.0' ಕೊಟ್ಟರೆ ನಡೆಯುತ್ತದೆ. ನಾನು ಅದಕ್ಕೆ ಎನ್ ಹಾಕುತ್ತೇನೆ. ರೂಟರಿಗೆ ಸಿಕ್ಕಿಸಿದ ಹಾರ್ಡ್‌ಡಿಸ್ಕ್ ಬಿಚ್ಚಿ ನೇರ ಕಂಪ್ಯೂಟರಿಗೇ ಹಾಕಿಕೊಂಡೆ, ಕತೆ ಮುಗಿಯಿತು.

ಹುಬ್ಬಳ್ಳಿಯಿಂದ

ವೈ ಯಾವಾಗ ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ನನ್ನ ಹತ್ತಿರ ಇದೆ ರೀ. ಹಾರ್ಡ್‌ಡಿಸ್ಕೇ ಇಲ್ಲದ ಯಂತ್ರ, ಅದರ ರೂಟ್ ಫೈಲ್‌ಸಿಸ್ಟಮ್ಮೇ ಎನ್‌ಎಫ್‌ಎಸ್ ಮೇಲೆ ಇದ್ದರೆ, ಮಧ್ಯೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಹೊತ್ತಿನ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಲ್ಲದಿದ್ದರೆ, ಆಗ ವೈ. ಮಾಡ್ಯೂಲ್ ಫೈಲ್ ಇರುವುದೇ ಆ ರೂಟ್‌ನಲ್ಲಿ. ಬೀಗದ ಕೈ ಬೀರುವಿನೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಕಾಲೇಜೊಂದರ ಲ್ಯಾಬ್‌ನಲ್ಲಿ ಇಪ್ಪತ್ತು ಹಳೆ ಯಂತ್ರಗಳನ್ನು ಹೀಗೆ ಎಬ್ಬಿಸಿದ್ದೆ. ಮೊದಲ ರಾತ್ರಿ ಪರದೆ ಮೇಲೆ 'ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ವಯಾ ಎನ್‌ಎಫ್‌ಎಸ್, ಟ್ರೈಯಿಂಗ್ ಫ್ಲಾಪಿ' ಅಂತ ಬಂತು. ಆಗಿನ ಕರ್ನಲ್ ಹಾಗೇ ಹೇಳುತ್ತಿತ್ತು. ಫ್ಲಾಪಿ ಡ್ರೈವೇ ಇಲ್ಲದ ಯಂತ್ರ ಫ್ಲಾಪಿ ಹುಡುಕುತ್ತಿದೆ! ನಾನೂ ವಾಚ್‌ಮನ್ನೂ ನಿಂತು ನೋಡಿದೆವು. ಸ್ವಲ್ಪ ಮೇಲೆ ನೋಡಿದರೆ 'ಐಪಿ-ಕಾನ್ಫಿಗ್: ನೋ ನೆಟ್‌ವರ್ಕ್ ಡಿವೈಸಸ್ ಅವೈಲಬಲ್'. ನೆಟ್‌ವರ್ಕ್ ಕಾರ್ಡಿನ ಡ್ರೈವರಿಗೆ ಎಂ ಹಾಕಿದ್ದೆ. ಅದು ವೈ ಆಗಬೇಕು, ಬೂಟ್ ಹೊತ್ತಿನಲ್ಲೇ ಐಪಿ ವಿಳಾಸ ಪಡೆಯುವ 'ಐಪಿ_ಪಿಎನ್‌ಪಿ' ಮತ್ತು ಅದರ ಡಿಎಚ್‌ಸಿಪಿ ವೈ ಆಗಬೇಕು, ಎನ್‌ಎಫ್‌ಎಸ್_ಎಫ್‌ಎಸ್ ವೈ ಆಗಬೇಕು. ಇವುಗಳಲ್ಲಿ ಐಪಿ_ಪಿಎನ್‌ಪಿ, ಎನ್‌ಎಫ್‌ಎಸ್_ಎಫ್‌ಎಸ್ ಎರಡೂ ವೈ ಆದ ಮೇಲೆಯೇ 'ರೂಟ್_ಎನ್‌ಎಫ್‌ಎಸ್' ಸಾಲು ಮೆನುವಿನಲ್ಲಿ ಮುಖ ತೋರಿಸುವುದು. ಎಷ್ಟೋ ಜನ ಆ ಸಾಲೇ ಇಲ್ಲ ಅಂತ ಕೇಳುತ್ತಾರೆ, ಕಾರಣ ಇದೇ.

ಬೂಟ್ ಸಾಲಿನಲ್ಲಿ 'ಎನ್‌ಎಫ್‌ಎಸ್‌ರೂಟ್' ಕೊಡುವಾಗ ದಾರಿಯ ಹಿಂದೆ 'ವಿ3,ಟಿಸಿಪಿ' ಅಂತ ಕೈಯಾರೆ ಬರೆಯಿರಿ. ಬಿಟ್ಟರೆ ಹಳೆ ಕರ್ನಲ್‌ಗಳು ಆವೃತ್ತಿ 2ನ್ನು ಯುಡಿಪಿ ಮೇಲೆ ಕೇಳಲು ಹೋಗುತ್ತವೆ, ಇವತ್ತಿನ ಸರ್ವರ್ ಬಾಗಿಲು ತೆಗೆಯುವುದಿಲ್ಲ. ಸರ್ವರ್ ಕಡೆ ಎಕ್ಸ್‌ಪೋರ್ಟ್‌ನಲ್ಲಿ 'ನೋ_ರೂಟ್_ಸ್ಕ್ವಾಶ್' (ರೂಟ್ ಬಳಕೆದಾರನ ಹಕ್ಕನ್ನು ಹಾಗೇ ಬಿಡುವ ಆಯ್ಕೆ) ಬೇಕು. ಅದು ಗೊತ್ತಾಗಲು ನನಗೆ ಎರಡನೇ ರಾತ್ರಿ ಹಿಡಿಯಿತು.

ಪ್ರಶ್ನೆ ಕೇಳಿದವರಿಗೆ ಇದ್ಯಾವುದೂ ಬೇಡ. ನಿಮ್ಮ ಡಿಸ್ಕ್ ಒಳಗೇ ಇದೆ, ಎಂ ಸಾಕು.

ಸಾಗರದ ಹತ್ತಿರದ ಹಳ್ಳಿಯಿಂದ

ಮೌಂಟ್ ಆದ ಮೇಲಿನ ಮಾತು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ನ್ಯಾಸ್‌ಗೆ ಇಲ್ಲ. ಎನ್‌ಎಫ್‌ಎಸ್ ಫೋಲ್ಡರಿನಲ್ಲಿ ಎಲ್‌ಎಸ್ ಕೊಟ್ಟರೆ ಟರ್ಮಿನಲ್ ಕಲ್ಲಾಗುತ್ತದೆ, ಕಂಟ್ರೋಲ್-ಸಿಗೂ ಜಗ್ಗುವುದಿಲ್ಲ. ಕರ್ನಲ್‌ನಲ್ಲಿ ಏನೋ ತಪ್ಪು ಮಾಡಿದೆ ಅಂತ ಮತ್ತೆ ಮತ್ತೆ ಕಂಪೈಲ್ ಮಾಡಿದೆ. ತಪ್ಪಲ್ಲ, ಅದರ ಸ್ವಭಾವವೇ ಹಾಗೆ. 'ಹಾರ್ಡ್' ಮೌಂಟ್ ಅಂದರೆ ಸರ್ವರ್ ಬರುವ ತನಕ ಕಾಯುತ್ತದೆ. 'ಸಾಫ್ಟ್' ಕೊಟ್ಟರೆ ಸ್ವಲ್ಪ ಹೊತ್ತಿಗೆ ಕೈಬಿಡುತ್ತದೆ, ಆದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲಬಹುದು. ನಾನು ಹಾರ್ಡ್ ಬಿಟ್ಟಿಲ್ಲ. ಏನೇನು ಮೌಂಟ್ ಆಗಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನ ಸಾಲಿನಲ್ಲಿ 'ನೋಫೇಲ್' ಮತ್ತು 'ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್' ಸೇರಿಸಿದೆ, ಬೂಟ್ ಸಿಕ್ಕಿಹಾಕಿಕೊಳ್ಳುವುದು ನಿಂತಿತು. ನ್ಯಾಸ್‌ಗೆ ಒಂದು ಯುಪಿಎಸ್ ತಂದೆ.

ಮತ್ತೆ ಮೈಸೂರಿನಿಂದ

ಎಲ್ಲರಿಗೂ ಥ್ಯಾಂಕ್ಸ್. ಸ್ಲ್ಯಾಶ್ ಒತ್ತಿ ಹುಡುಕಿದೆ, ಎನ್‌ಎಫ್‌ಎಸ್_ಎಫ್‌ಎಸ್ ಎದುರು ಎನ್. ಎಂ ಮಾಡಿ, ಸಿಐಎಫ್‌ಎಸ್‌ಗೂ ಎನ್‌ಎಲ್‌ಎಸ್_ಯುಟಿಎಫ್8ಗೂ ಎಂ ಹಾಕಿದೆ. ಎರಡನೇ ಸಲದ ಕಂಪೈಲ್ ಬೇಗ ಮುಗಿಯಿತು, ಬದಲಾದ ಫೈಲ್‌ಗಳನ್ನು ಮಾತ್ರ ಮುಟ್ಟುತ್ತದೆ ಅಂತ ಈಗ ತಿಳಿಯಿತು. ನ್ಯಾಸ್ ಬಂತು. ವಿಂಡೋಸ್ ಶೇರ್‌ಗೆ ಎರರ್ 13 ಬಂತು. ಉಡುಪಿಯ ಮೇಡಂ ಹೇಳಿದ್ದು ನೆನಪಾಗಿ ಕರ್ನಲ್ ಮುಟ್ಟಲಿಲ್ಲ. ಅಪ್ಪ ಕಳೆದ ವಾರ ಪಾಸ್‌ವರ್ಡ್ ಬದಲಾಯಿಸಿದ್ದರಂತೆ, ನನಗೆ ಹೇಳಿರಲಿಲ್ಲ. ಹೊಸದು ಹಾಕಿದೆ, ಫೋಲ್ಡರ್‌ಗಳು ಕನ್ನಡದಲ್ಲೇ ಕಾಣುತ್ತಿವೆ. ಪೆನ್‌ಡ್ರೈವ್ ಕೂಡ ಹೋಗಿತ್ತು, ಈ ರಾತ್ರಿ ಅದಕ್ಕೆ ಮತ್ತೊಂದು ಕಂಪೈಲ್.

ಬೆಂಗಳೂರಿನಿಂದ

'ಯುಎಸ್‌ಬಿ_ಸ್ಟೋರೇಜ್' ಅಂತ ಹುಡುಕಿ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್, ಅವೆರಡಕ್ಕೂ ಈಗಲೇ ಎಂ ಹಾಕಿಬಿಡಿ. ಲೋಕಲ್‌ಮಾಡ್‌ಕಾನ್ಫಿಗ್ ಅವನ್ನೂ ಕಿತ್ತಿರಬಹುದು.