ಅಪ್ಪ ನಗುತ್ತಾರೆ, ನನಗೆ ನಿದ್ದೆ ಬರುತ್ತದೆ: ಹಳೇ ಸಿನಿಮಾ ಹೇಗೆ ನೋಡಬೇಕು?

ಕೊಬ್ಬರಿ ಸೀಮೆ:

ನಮ್ಮೂರು ತಿಪಟೂರು. ಅಪ್ಪನಿಗೆ 71 ವರ್ಷ, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು, ಕಾಲಿಗೆ ಪ್ಲಾಸ್ಟರ್. ಆರು ವಾರ ಮಂಚ ಇಳಿಯೋ ಹಾಗಿಲ್ಲ. ನಾನು ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತಿದ್ದೇನೆ. ರಾತ್ರಿ ಟಿವಿಯಲ್ಲಿ ಯೂಟ್ಯೂಬ್ ಹಾಕಿ ಒಂದು ಹಳೇ ಸಿನಿಮಾ ನೋಡೋದು ಈಗ ನಮ್ಮಿಬ್ಬರ ಅಭ್ಯಾಸ ಆಗಿದೆ.

ತೊಂದರೆ ಏನಪ್ಪಾ ಅಂದರೆ, ಅಪ್ಪ ಸಿನಿಮಾ ನೋಡುತ್ತಾರೆ, ನಾನು ಅಪ್ಪನ ಮುಖ ನೋಡುತ್ತೇನೆ. ನರಸಿಂಹರಾಜು ಬಂದರೆ ಸಾಕು, ಆತ ಬಾಯಿ ಬಿಡೋಕೆ ಮುಂಚೆಯೇ ಅಪ್ಪನ ಹೊಟ್ಟೆ ಕುಣಿಯೋಕೆ ಶುರು. "ನಮ್ಮ ತಿಪಟೂರೋನು ಕಣೋ" ಅಂತ ದಿನಕ್ಕೊಂದು ಸಲ ಹೇಳಲೇಬೇಕು. ನನಗೆ ನಗು ಬರೋದಿಲ್ಲ. ಸುಳ್ಳು ಯಾಕೆ ಹೇಳಲಿ, 'ಬೇಡರ ಕಣ್ಣಪ್ಪ' ನೋಡುವಾಗ ಮುಕ್ಕಾಲು ಗಂಟೆಗೇ ಗೊರಕೆ ಹೊಡೆದೆನಂತೆ. ಎಲ್ಲರೂ ಕೂಗಿ ಕೂಗಿ ಮಾತಾಡುತ್ತಾರೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ನಾನೊಂದು ಮೆಸೇಜ್ ಕಳಿಸಿ ಬರಬಹುದು. ಬೆರಳು ತಾನಾಗಿಯೇ ಫಾರ್ವರ್ಡ್ ಬಟನ್ ಮೇಲೆ ಹೋಗುತ್ತದೆ. ಅಪ್ಪ ಕೆಮ್ಮುತ್ತಾರೆ.

ಇನ್ನೊಂದು. ನಮ್ಮ ಟಿವಿಯಲ್ಲಿ ಎಲ್ಲರೂ ದಪ್ಪ ಕಾಣುತ್ತಾರೆ. ನರಸಿಂಹರಾಜು ಕೂಡ! "ಇವನು ಕಡ್ಡಿ ಹಾಗಿದ್ದನಲ್ಲೋ" ಅಂತ ಅಪ್ಪನಿಗೂ ಅನುಮಾನ.

ಗೊತ್ತಿರೋರು ಹೇಳಿ. ಇದನ್ನೆಲ್ಲ ಇಷ್ಟಪಡೋಕೆ ಏನಾದರೂ ದಾರಿ ಇದೆಯಾ, ಇಲ್ಲ ಆ ಕಾಲದಲ್ಲೇ ಹುಟ್ಟಿರಬೇಕಿತ್ತಾ? ಇನ್ನೂ ನಾಲ್ಕು ವಾರ ಬಾಕಿ ಇದೆ.

ಬುಲೆಟ್ ಬಸ್ಯಾ:

1.5 ಸ್ಪೀಡಿನಲ್ಲಿ ಹಾಕಿ ಗುರು. ನಾನು ಹಾಗೇ ನೋಡೋದು. ಹಾಡು ಬಂದಾಗ ಮಾತ್ರ ಮಾಮೂಲಿ ಸ್ಪೀಡು.

ರೀಲ್ ಮಾವ:

ಬಸ್ಯಾ, ನಿನ್ನ ಮದುವೆ ಊಟವನ್ನೂ 1.5 ಸ್ಪೀಡಿನಲ್ಲೇ ಬಡಿಸುತ್ತೇವೆ, ಇರು.

ಕೊಬ್ಬರಿಯವರೇ, ನಾನು ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಮೊದಲು ಟೂರಿಂಗ್ ಟಾಕೀಸು, ಅಂದರೆ ಊರೂರಿಗೆ ಹೋಗೋ ಟೆಂಟ್ ಸಿನಿಮಾ, ಆಮೇಲೆ ಪರ್ಮನೆಂಟ್ ಥಿಯೇಟರು. ಹಾಗಾಗಿ ಸ್ವಲ್ಪ ಜಾಸ್ತಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ದಪ್ಪದ ವಿಷಯ ಮೊದಲು. ಆಗಿನ ಚಿತ್ರ ಹೆಚ್ಚುಕಮ್ಮಿ ಚೌಕ. ಅಗಲ 4 ಇದ್ದರೆ ಎತ್ತರ 3. ನಿಮ್ಮ ಟಿವಿ 16ಕ್ಕೆ 9. ಯಾರೋ ಪುಣ್ಯಾತ್ಮರು ರೊಟ್ಟಿ ತಟ್ಟಿದ ಹಾಗೆ ಎಳೆದು ತುಂಬಿಸಿದ್ದಾರೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅಂತ ಇರುತ್ತದೆ, 4:3 ಮಾಡಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ನರಸಿಂಹರಾಜು ಸಣ್ಣ ಆಗುತ್ತಾರೆ. ಕೆಲವರು ಎಳೆಯೋ ಬದಲು ಮೇಲೆ ಕೆಳಗೆ ಕತ್ತರಿಸಿಬಿಡುತ್ತಾರೆ. ರಾಜನ ಕಿರೀಟವೇ ಇಲ್ಲ ಅಂದರೆ ಅಂಥ ಪ್ರಿಂಟು ಅಂತ ತಿಳಿದು ಬೇರೆ ಹುಡುಕಿ.

ಮೇಲೆ ಬಲಗಡೆ ಮೂಲೆಯಲ್ಲಿ ಆಗಾಗ ಒಂದು ಚುಕ್ಕಿ ಮಿಂಚಿ ಹೋಗೋದನ್ನು ನೋಡಿದ್ದೀರಾ? ಅದು ನಿಮಗಲ್ಲ, ನಮಗೆ. ಸಾವಿರ ಅಡಿ ರೀಲು ಸುಮಾರು ಹನ್ನೊಂದು ನಿಮಿಷ ಓಡುತ್ತದೆ. ಮೊದಲ ಚುಕ್ಕಿಗೆ ಎರಡನೇ ಮಿಷನ್ನಿನ ಮೋಟರ್ ಹಾಕಬೇಕು, ಎರಡನೇ ಚುಕ್ಕಿಗೆ ಬೆಳಕು ಬದಲಾಯಿಸಬೇಕು. ರೆಪ್ಪೆ ಬಡಿದರೆ ಪರದೆ ಬಿಳಿ, ಕೆಳಗಿಂದ ಶಿಳ್ಳೆ, ಜೊತೆಗೆ ನಮ್ಮ ಅಪ್ಪ ಅಮ್ಮನ ವಿಚಾರಣೆ. ಟೆಂಟಿನಲ್ಲಿ ಆ ಕಾಟ ಇರಲಿಲ್ಲ. ಇದ್ದಿದ್ದೇ ಒಂದು ಮಿಷನ್ನು. ರೀಲು ಮುಗಿದರೆ ದೀಪ ಹಾಕೋದು. ಜನ ಬೀಡಿ ಹಚ್ಚೋರು, ಕಡ್ಲೆಕಾಯಿ ಬಿಡಿಸೋರು.

ಈಗ ಕೂಗಾಟಕ್ಕೆ ಬನ್ನಿ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಎಲ್ಲರೂ ನಾಟಕ ಕಂಪನಿಯಲ್ಲಿ ಬೆಳೆದವರು. ಕೊನೇ ಸಾಲಿನವನಿಗೂ ಮೈಕಿಲ್ಲದೆ ಕೇಳಿಸಬೇಕಿತ್ತು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ರಾಜಕುಮಾರ್ ಮೊದಲ ಸಲ ನಾಯಕ. ಗಂಟಲು ಇನ್ನೂ ಸ್ಟೇಜ್ ಮೇಲೇ ಇತ್ತು. ಆಮೇಲಿನ 'ಕಸ್ತೂರಿ ನಿವಾಸ' ನೋಡಿ, 1971ರದ್ದು. ಅದೇ ಮನುಷ್ಯ ಎಷ್ಟು ಮೆಲ್ಲಗೆ ಮಾತಾಡುತ್ತಾರೆ!

ನಡುವಿನ ಆ ಖಾಲಿ ಜಾಗ ಇದೆಯಲ್ಲ, ಅದು ನಮ್ಮದು. ಟೆಂಟಿನಲ್ಲಿ ನರಸಿಂಹರಾಜು ಒಂದು ಮಾತಾಡಿ ಆ ಜಾಗ ಬಿಡದಿದ್ದರೆ, ನೆಲದ ಮೇಲೆ ಕೂತವರು ನಗೋದು ನಿಲ್ಲಿಸೋ ಹೊತ್ತಿಗೆ ಮುಂದಿನ ಮಾತು ಹೋಗಿರುತ್ತಿತ್ತು. ಒಬ್ಬರೇ ಸೋಫಾ ಮೇಲೆ ಕೂತವರಿಗೆ ಅದು ಖಾಲಿ ಅನ್ನಿಸೋದು ಸಹಜ. ನಿಮ್ಮ ತಂದೆಯವರಿಗೆ ಅಲ್ಲಿ ಇನ್ನೂರು ಜನ ನಗೋದು ಕೇಳಿಸುತ್ತಿರಬೇಕು.

ಒಂದು ಕೆಲಸ ಮಾಡಿ. ಕಥೆ ಬಿಡಿ, ಬಾಲಕೃಷ್ಣ ಅವರ ಕಣ್ಣು ನೋಡಿ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಹೇಳುತ್ತಿದ್ದರು. ಒಂದು ಮಾತೂ ತಡ ಇಲ್ಲ. ಗೊತ್ತಿಲ್ಲದೆ ನೋಡಿದರೆ ಕುತಂತ್ರಿಯ ನೋಟ ಅನ್ನಿಸುತ್ತದೆ. ಗೊತ್ತಾದ ಮೇಲೆ ನೋಡಿ.

ಕಾಫಿ ಹೂವು:

ರೀಲ್ ಮಾವ ಹೇಳಿದ್ದೆಲ್ಲ ಸರಿ. ಆದರೆ ಬರೀ ಗಂಡಸರ ಪಟ್ಟಿ ಆಯ್ತಲ್ಲ ಮಾವ!

ನನಗೂ ಹಳೇ ಸಿನಿಮಾ ಎಲ್ಲ ಇಷ್ಟ ಇಲ್ಲ. ಹೆಂಗಸರು ಮೂರು ಗಂಟೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಕೊನೆಗೆ ಕ್ಷಮಿಸೋದು ನೋಡಿ ನೋಡಿ ಸಾಕಾಗಿದೆ. ಕೆಲವು ಕಾಮಿಡಿ ಮಕ್ಕಳ ಮುಂದೆ ಹಾಕೋಕೂ ಮನಸ್ಸಾಗಲ್ಲ. ಹಾಗಾಗಿ 'ಬೆಳ್ಳಿಮೋಡ' ನೋಡಿ ಅಂತೀನಿ. 1967, ಪುಟ್ಟಣ್ಣ ಕಣಗಾಲ್, ತ್ರಿವೇಣಿಯವರ ಕಾದಂಬರಿ. ಎಸ್ಟೇಟ್ ಒಬ್ಬಳೇ ಮಗಳಿಗೆ ಬರುತ್ತದೆ ಅಂತ ಒಪ್ಪಿಕೊಂಡ ಹುಡುಗ, ಅವಳಿಗೆ ತಮ್ಮ ಹುಟ್ಟಿದ ಕೂಡಲೇ ಮದುವೆ ಬೇಡ ಅನ್ನುತ್ತಾನೆ. ಆಮೇಲೆ ಅವನೇ ಬಿದ್ದು ಹಾಸಿಗೆ ಹಿಡಿದಾಗ ಆರೈಕೆ ಮಾಡೋಳು ಅವಳೇ. ಇಷ್ಟರ ಮೇಲೆ ಏನಾಗುತ್ತದೆ ಅಂತ ನೀವು ಅಂದುಕೊಳ್ಳುತ್ತೀರೋ, ಅದು ಆಗಲ್ಲ. ನಾಯಕಿ ಕಲ್ಪನಾ ಬೇಡ ಅನ್ನುತ್ತಾಳೆ. ಆ ಒಂದು ಬೇಡಕ್ಕೆ ನಮ್ಮ ಚಿಕ್ಕಮ್ಮಂದಿರು ಬಸ್ಸು ಹತ್ತಿ ಎರಡೆರಡು ಸಲ ಹೋಗಿದ್ದರಂತೆ. ಬೇಂದ್ರೆಯವರ 'ಮೂಡಲ ಮನೆಯ' ಹಾಡೂ ಇದರಲ್ಲೇ ಇದೆ. ಫಾರ್ವರ್ಡ್ ಮಾಡಿದರೆ ನೋಡಿ ಮತ್ತೆ.

ಕೊಬ್ಬರಿ ಸೀಮೆ:

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತಿದ್ದೇನೆ.

4:3 ಮಾಡಿದೆ. ನರಸಿಂಹರಾಜು ಕಡ್ಡಿ ಆದರು. "ಹಾಂ, ಇವನು!" ಅಂತ ಅಪ್ಪ ದಿಂಬಿಗೆ ಒರಗಿದರು. ಟೂರಿಂಗ್ ಟಾಕೀಸು ಅಂತ ನಿಮ್ಮ ಕಾಮೆಂಟು ಓದಿ ಹೇಳಿದ್ದೇ ತಡ, 'ನಮೋ ವೆಂಕಟೇಶ' ಶುರು ಮಾಡಿದರು. ಟೆಂಟಿನವರು ಘಂಟಸಾಲ ಅವರ ಆ ರೆಕಾರ್ಡ್ ಹಾಕಿದರೆ ಶೋ ಶುರು ಅಂತ ಲೆಕ್ಕವಂತೆ. ತೋಟದಲ್ಲಿ ಇದ್ದವರು ಅದು ಕೇಳಿಸಿದ ಕೂಡಲೇ ಓಡೋರಂತೆ.

ನಿನ್ನೆ 'ಬಂಗಾರದ ಮನುಷ್ಯ' ಹಾಕಿದೆವು. ನಮ್ಮ ಮನೆಯಲ್ಲಿ ಒಂದು ನಿಯಮ ಇದೆ, ಊಟ ಮಾಡುತ್ತಾ ಆ ಸಿನಿಮಾ ನೋಡೋ ಹಾಗಿಲ್ಲ. ರಾಜೀವ (ರಾಜಕುಮಾರ್ ಪಾತ್ರ) ತಟ್ಟೆ ಬಿಟ್ಟು ಏಳುವಾಗ ಅಪ್ಪನೂ ತಟ್ಟೆ ಸರಿಸಿಬಿಡುತ್ತಾರೆ. ಹಾಗಾಗಿ ಎಂಟಕ್ಕೇ ಊಟ ಮುಗಿಸಿ ಕೂತೆವು.

ಬಾಲಕೃಷ್ಣ ಇದರಲ್ಲಿ ರಾಚೂಟಪ್ಪ. ರೀಲ್ ಮಾವ, ನೀವು ಹೇಳಿದ ಹಾಗೆ ಕಣ್ಣು ನೋಡಿದೆ. ನಿಜ! ರಾಜಕುಮಾರ್ ಮಾತಾಡೋವಾಗ ಅವರು ಮುಖದಿಂದ ಕಣ್ಣು ತೆಗೆಯೋದೇ ಇಲ್ಲ. ತಲೆ ಒಂಚೂರು ಓರೆ. ರಾಜ್ ತುಟಿ ಮುಚ್ಚಿದ್ದೇ ತಡ, ಇವರ ಮಾತು ಹೊರಗೆ. ಪರೀಕ್ಷೆ ಮಾಡೋಣ ಅಂತ ಸುಮ್ನೆ ಮ್ಯೂಟ್ ಮಾಡಿದೆ, ಬರೀ ತುಟಿ ನೋಡೋಣ ಅಂತ. ಟಿವಿ ಸುಮ್ಮನಾಯಿತು, ಮನೆ ಸುಮ್ಮನಾಗಲಿಲ್ಲ. ಅಪ್ಪ ಮುಂದುವರಿಸುತ್ತಿದ್ದರು! ರಾಜೀವನದ್ದು ಮೆತ್ತಗೆ, ರಾಚೂಟಪ್ಪನದ್ದು ಗೊಗ್ಗರು ಗಂಟಲಲ್ಲಿ. ತುಟಿಗೂ ಮಾತಿಗೂ ಸರಿ ಹೊಂದುತ್ತಿತ್ತು. ಮ್ಯೂಟ್ ಆಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ ಅನ್ನಿಸುತ್ತದೆ. ಎರಡು ನಿಮಿಷ ನಾನು ರಿಮೋಟ್ ಮುಟ್ಟಲಿಲ್ಲ. ನಿದ್ದೆ ಎಲ್ಲಿ ಬರಬೇಕು!

ಕಾಫಿ ಹೂವು ಅವರೇ, ನಾಳೆ 'ಬೆಳ್ಳಿಮೋಡ'. ಅಮ್ಮ ಇಷ್ಟು ದಿನ "ನಿಮ್ಮಿಬ್ಬರ ಜಾತ್ರೆ ನೀವೇ ಮಾಡಿಕೊಳ್ಳಿ" ಅಂತ ಅಡುಗೆಮನೆ ಬಾಗಿಲು ಎಳೆದುಕೊಳ್ಳುತ್ತಿದ್ದರು. ಕಲ್ಪನಾ ಅಂದ ಕೂಡಲೇ ಬಾಗಿಲು ತೆರೆಯಿತು. ನಾಳೆ ಸಂಜೆಯೇ ಪಾತ್ರೆ ತೊಳೆದು ಮುಗಿಸುತ್ತಾರಂತೆ.